ಬಯಲಿನಿಂದ ಬಂದ ದಂಡನಾಯಕ

ಇವತ್ತು ಮಧ್ಯಾಹ್ನ ಊಟವಾದ ಮೇಲೆ ತಾನೊಂದು ದೇಶವನ್ನು ಗೆಲ್ಲಬೇಕು ಎಂಬುದು ಹರಿನಾಥನಿಗೆ ಅಕ್ಕಿ ತೊಳೆಯುವಾಗ ನೆನಪಾಯಿತು. ನೆನಪಾಯಿತು ಎನ್ನುವುದೂ ಸುಳ್ಳೇ, ಮರೆತದ್ದಾದರೂ ಯಾವಾಗ? ಎದ್ದಾಗಿನಿಂದ ಅದು ತಲೆಯಲ್ಲೇ ಕೂತಿತ್ತು, ಚಾ ಕುಡಿಯುವಾಗಲೂ ಬಿಟ್ಟಿರಲಿಲ್ಲ. ಶುಕ್ರವಾರ, ರಜೆ. ಬಹರೈನಿನ ಸೆಗಯಾದ ಈ ಹಳೆಯ ಫ್ಲ್ಯಾಟಿನಲ್ಲಿ ರಜೆಯ ದಿನದ ಅನ್ನ ಅವನ ಪಾಳಿ, ಮೀನು ಜೆರಾಲ್ಡನ ಪಾಳಿ. ಜೆರಾಲ್ಡ್ ಶಿರ್ವದವನು, ಹೋಟೆಲೊಂದರಲ್ಲಿ ಕೆಲಸ, ಬಾಡಿಗೆಯ ಅರ್ಧ ಕೊಡುವವನು, ಹರಿನಾಥನ ಗೊರಕೆಯನ್ನು ಸಹಿಸಿಕೊಂಡ ಏಕೈಕ ಮನುಷ್ಯ. ಅವನು ಸಿಂಕಿನ ಇನ್ನೊಂದು ಬದಿಯಲ್ಲಿ ಶೇರಿ ಮೀನಿನ ಹೊಟ್ಟೆ ಸೀಳುತ್ತ, "ಹರಿಯಣ್ಣ, ಜನರಲ್‌ಗಳು ಅಕ್ಕಿ ತೊಳೀತಾರಾ?" ಎಂದು ಕೇಳಿದ. "ಗೆಲ್ಲುವ ಮೊದಲು ತೊಳೀತಾರೆ," ಎಂದ ಹರಿನಾಥ. ಉತ್ತರ ತಟ್ಟನೆ ಬಂದದ್ದು ನೋಡಿ ಅವನಿಗೇ ಖುಷಿಯಾಯಿತು. ಹಾಗಾದರೆ ಮಾತು ಇನ್ನೂ ಸತ್ತಿಲ್ಲ. ಆದರೆ ಅಡಿಗೆಮನೆಯಲ್ಲಿ ಹುಟ್ಟಿದ ಮಾತು ಕಿಟ್ಟಣ್ಣನ ಎದುರು ಹುಟ್ಟಬೇಕಲ್ಲ? ಅವನು ಅಕ್ಕಿಯನ್ನು ಇನ್ನೊಂದು ನೀರಿನಲ್ಲಿ ತೊಳೆದ. ಅಗತ್ಯವಿರಲಿಲ್ಲ.

ಕಿಟ್ಟಣ್ಣ ಎಂದರೆ ಮೂರು ಕೋಲ್ಡ್ ಸ್ಟೋರು, ಅಂದರೆ ದಿನಸಿ ಅಂಗಡಿ, ಮತ್ತು ಒಂದು ಗೋದಾಮಿನ ಧಣಿ. ಆ ಗೋದಾಮಿನಲ್ಲಿ ವಾರಕ್ಕೆ ಆರು ದಿನ ಹಾಲಿನ ಪುಡಿಯ ಪೆಟ್ಟಿಗೆಗಳ ನಡುವೆ ಹರಿನಾಥ ಕೆಲಸ ಮಾಡುತ್ತಾನೆ, ಮತ್ತು ತಿಂಗಳಿಗೊಂದು ಶುಕ್ರವಾರ ಅದೇ ಪೆಟ್ಟಿಗೆಗಳನ್ನು ಗೋಡೆಗೆ ಒತ್ತರಿಸಿ, ಚಾಪೆ ಹಾಸಿ, ಊರಿನವರೆಲ್ಲ ಸೇರಿ ತಾಳಮದ್ದಳೆಯ ಕೂಟ ನಡೆಸುತ್ತಾರೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹೇಳುತ್ತಾರೆ, ಎದುರುಬದುರು ದಿಂಬಿನ ಮೇಲೆ ಕೂತವರು ಆ ಪದ್ಯಕ್ಕೆ ಆ ಕ್ಷಣ ಹುಟ್ಟಿದ ಮಾತಿನಲ್ಲಿ ಅರ್ಥ ಹೇಳುತ್ತ ವಾದಕ್ಕಿಳಿಯುತ್ತಾರೆ. ರಾಜ ಯಾರು ದೂತ ಯಾರು ಎಂಬುದೆಲ್ಲ ಬಾಯಲ್ಲೇ. ಕಿಟ್ಟಣ್ಣ ಯಾವಾಗಲೂ ರಾಜ. ಚಂದ ಮಾತಾಡುತ್ತಾನೆ, ಸುಳ್ಳು ಹೇಳಬಾರದು. ಹರಿನಾಥ ಬಹರೈನಿಗೆ ಬಂದ ವರ್ಷದಿಂದಲೂ ದೂತ. "ಅಪ್ಪಣೆ ಮಹಾಪ್ರಭು" ಎಂದು ಬಂದು, "ಅಪ್ಪಣೆ ಮಹಾಪ್ರಭು" ಎಂದು ಹೋಗುವುದು. ಒಮ್ಮೊಮ್ಮೆ ಶನಿವಾರ ಬೆಳಿಗ್ಗೆ ಅದೇ ಕೋಣೆಯಲ್ಲಿ "ಆಯ್ತು ಅಣ್ಣ" ಎನ್ನುವಾಗ, ನಿನ್ನೆಯ ಪ್ರಸಂಗ ಇನ್ನೂ ಮುಗಿದಿಲ್ಲವೋ ಏನೋ ಎಂದು ಅವನಿಗೆ ಅನ್ನಿಸುವುದುಂಟು. ಬಳಗಕ್ಕೆ ಕಿಟ್ಟಣ್ಣನೇ ತಂದ ಒಂದು ಪದ್ಧತಿಯೂ ಉಂಟು: ಕಥೆಯಲ್ಲಿ ಸೋತವನು ಮಾತು ಮುಗಿದ ಕೂಡಲೇ ದಿಂಬಿನಿಂದ ಎದ್ದು ಹೋಗಿ ಜನರ ನಡುವೆ ಕೂರಬೇಕು. ಕಿಟ್ಟಣ್ಣ ಎದ್ದದ್ದನ್ನು ಯಾರೂ ನೋಡಿಲ್ಲ. ಗೆಲ್ಲುವ ಪಾತ್ರವನ್ನೇ ಆರಿಸಿಕೊಂಡವನಿಗೆ ಏಳುವ ಕೆಲಸ ಎಲ್ಲಿಂದ?

ಈ ಸಲದ ಪ್ರಸಂಗ ರಾಫೆಲ್ ಮಾಸ್ಟ್ರು ತಂದಿಟ್ಟ ತಮಾಷೆ. ಈಸಾ ಟೌನಿನ ಶಾಲೆಯೊಂದರಲ್ಲಿ ಇತಿಹಾಸ ಕಲಿಸುವ ರಾಫೆಲ್ ಕೂಟಕ್ಕೆ ಬಂದು ಕೂತು, "ನಿಮ್ಮ ರಾಜರೆಲ್ಲ ನಮ್ಮ ಕಡೆಯವರೇ ಮಾರಾಯ್ರೆ. ಹೊರಗಿನವ ಒಬ್ಬ ನಿಮ್ಮ ಮದ್ದಳೆಗೆ ಬಗ್ಗಿಯಾನಾ?" ಎಂದು ಕೆಣಕಿದರು. ಕಿಟ್ಟಣ್ಣ ಪಂಥ ಬಿಡುವವನಲ್ಲ. "ಯಾರನ್ನು ಬೇಕಾದ್ರೂ ತನ್ನಿ," ಎಂದ. ಮಾಸ್ಟ್ರು ದಕ್ಷಿಣ ಅಮೆರಿಕದಿಂದ ಒಬ್ಬ ಜನರಲ್‌ನನ್ನು ತಂದರು, ಹತ್ತೊಂಬತ್ತನೇ ಶತಮಾನದವನು. ಅಂಥವರು ಅಲ್ಲಿ ಬೇಕಾದಷ್ಟು ಮಂದಿ, ನಾಲ್ಕೈದು ಜನರನ್ನು ಅರೆದು ಒಬ್ಬನನ್ನು ಮಾಡಿದ್ದೇನೆ, ದೇಶ ಯಾವುದೆಂದು ಕೇಳಬೇಡಿ ಎಂದು ಮೊದಲೇ ಹೇಳಿಬಿಟ್ಟರು. ದನ ಕಾಯುವವರ ಬಯಲಿನಲ್ಲಿ ಹುಟ್ಟಿದವನು. ಚರ್ಮ ಹಾಸಿಕೊಂಡು ಮಲಗಿದವನು. ಸ್ಪೇನಿನವರನ್ನು ಓಡಿಸುವಾಗ ಇವನ ಬರಿಗಾಲಿನ ಸವಾರರೇ ಮುಂದೆ. ಗೆದ್ದ ಮೇಲೆ ಓದಿದವರು ರಾಜಧಾನಿಯಲ್ಲಿ ಕುರ್ಚಿ ಹಾಕಿ ಕೂತರು, ಇವನಿಗೆ ಗಡಿ ಕಾಯಲು ಹೇಳಿ ಬಯಲಿಗೆ ಕಳಿಸಿದರು. ಕೊಡುತ್ತೇವೆ ಎಂದ ನೆಲ ಕೊಡಲಿಲ್ಲ. ಎಷ್ಟೋ ವರ್ಷ ಕಾದು, ಒಂದು ದಿನ ಅವನು ಸವಾರರನ್ನು ಕರೆದುಕೊಂಡು ನೇರ ಅರಮನೆಗೆ ನಡೆದ. ಅಧ್ಯಕ್ಷ ಎದ್ದು ಹಡಗು ಹತ್ತಿದ, ಇವನು ಕೂತ. ಭಾಗವತರು ಹದಿನೈದು ದಿನ ಹೆಣಗಿ ಅದನ್ನು ಪದ್ಯಕ್ಕಿಳಿಸಿದರು. ಹೆಸರು ಯಾವ ತಾಳಕ್ಕೂ ಹೊಂದದ್ದರಿಂದ ಬರೀ ದಂಡನಾಯಕ ಎಂದಾಯಿತು. ಪಾತ್ರ ಹಂಚುವಾಗ ಕಿಟ್ಟಣ್ಣ, ಕೊನೆಗೆ ಏಳಬೇಕಾದವನು ಎಂದು ಗೊತ್ತಿದ್ದೂ, ಅಧ್ಯಕ್ಷನನ್ನೇ ಇಟ್ಟುಕೊಂಡ. "ಕುದುರೆ ಮೇಲೆ ಕೂತವನಿಗೆ ಮಾತು ಕಮ್ಮಿ. ದಂಡನಾಯಕನನ್ನು ಹರಿನಾಥ ಹೇಳ್ಲಿ," ಎಂದ. ಅದು ಗೌರವವೋ ಅವಮಾನವೋ ಎಂದು ಹರಿನಾಥ ಆ ದಿನ ಮನೆಗೆ ನಡೆಯುತ್ತ ಯೋಚಿಸಿದ. ಯಾವುದಾದರೇನು, ಸಿಕ್ಕಿತಲ್ಲ.

ಅವತ್ತಿನಿಂದ ದಂಡನಾಯಕ ಅವನ ಜೊತೆಗೇ ಇದ್ದಾನೆ. ಮಿನಾ ಸಲ್ಮಾನ್ ಬಂದರಿನಲ್ಲಿ ಕಂಟೇನರಿಗಾಗಿ ಪಿಕಪ್‌ನೊಳಗೆ ಕಾಯುವಾಗ, ಮುಗಿಯದ ಆ ಬಿಳಿ ಬಿಸಿಲಿನಲ್ಲಿ, ದಂಡನಾಯಕನ ಬಯಲು ಹೀಗೇ ಇದ್ದಿರಬೇಕು ಎಂದುಕೊಳ್ಳುತ್ತಾನೆ. ಆಮೇಲೆ, ಅಲ್ಲ, ಅಲ್ಲಿ ಹುಲ್ಲಿತ್ತು ಎಂದು ತಿದ್ದಿಕೊಳ್ಳುತ್ತಾನೆ. ಒಮ್ಮೆ ಮಾಸ್ಟ್ರ ಹತ್ತಿರ, "ಅಷ್ಟು ವರ್ಷ ಗಡಿಯಲ್ಲಿದ್ದವ ಹೆಂಡತಿಯನ್ನು ನೋಡಿದ್ದು ಎಷ್ಟು ಸಲ?" ಎಂದು ಕೇಳಿದ. ಮಾಸ್ಟ್ರು ಕನ್ನಡಕ ತೆಗೆದು ಅವನ ಮುಖ ನೋಡಿದರು. "ಪುಸ್ತಕದಲ್ಲಿ ಅದೆಲ್ಲ ಇರೂದಿಲ್ಲ ಹರಿನಾಥ್." ಇರುವುದಿಲ್ಲ. ಯಾವ ಊರನ್ನು ಎಂದು ಹಿಡಿದ, ಯಾರನ್ನು ಎಲ್ಲಿ ಸೋಲಿಸಿದ, ಅಷ್ಟೇ. ಕುದುರೆಯ ಮೇಲೆ ಕೂತವನು ಸಂಜೆ ಹೊತ್ತು ಯಾರನ್ನು ನೆನೆದ ಎಂದು ಬರೆಯಲು ಯಾರಿಗೆ ಪುರುಸೊತ್ತು?

ಅವನ ಹೆಂಡತಿ ಪಂಕಜಾಕ್ಷಿ ಊರಲ್ಲಿ, ಕಟಪಾಡಿಯ ತನ್ನ ಅಣ್ಣನ ಮನೆಯಲ್ಲಿದ್ದಾಳೆ, ಹುಡುಗಿಯರಿಗೆ ಹೊಲಿಗೆ ಹೇಳಿಕೊಡುತ್ತಾಳೆ. ಎರಡು ವರ್ಷಕ್ಕೊಮ್ಮೆ ಬಂದು ಸಾಬೂನು ಹಂಚಿ ಹೋಗುವ ಗಂಡನಿಂದ ಮಕ್ಕಳಾಗುವುದು ಎಲ್ಲಿಂದ ಎಂದು ಅವಳ ಅತ್ತಿಗೆ ಒಮ್ಮೆ ಪಕ್ಕದ ಮನೆಯವರ ಹತ್ತಿರ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು. ಅತ್ತಿಗೆ ಹೇಳಿದ್ದರಲ್ಲಿ ತಪ್ಪೇನಿತ್ತು? ಪಂಕಜಾಕ್ಷಿಯ ಅಪ್ಪ ತಾಳಮದ್ದಳೆಯಲ್ಲಿ ಹೆಸರಿದ್ದ ಅರ್ಥಧಾರಿ. ಅವಳು ಬಾಗಿಲ ಸಂದಿಯಲ್ಲಿ ಕೂತು ಕೂಟ ಕೇಳಿ ಕೇಳಿ ಬೆಳೆದವಳು, ಯಾರ ಮಾತು ಎಲ್ಲಿ ಕಾಲು ಜಾರಿತು ಎಂದು ಅಡಿಗೆ ಮಾಡುತ್ತಲೇ ಹೇಳಬಲ್ಲವಳು. ಹರಿನಾಥ ಇನ್ನೂ ಮೀಸೆ ಸರಿಯಾಗಿ ಬಾರದವನಾಗಿದ್ದಾಗ ಆ ಮನೆಯ ಚಾವಡಿಯಲ್ಲಿ, ಬರಬೇಕಾದವರು ಬಾರದ್ದಕ್ಕೆ, ಸೋತು ನೆಲಕ್ಕೆ ಬಿದ್ದ ರಾಜನೊಬ್ಬನ ಪಾತ್ರವನ್ನು ಎತ್ತಿಕೊಂಡು ಗೆದ್ದವನ ಬೆವರಿಳಿಸಿದ್ದ. ಮದುವೆಯಾದ ಮೇಲೆ ಅವಳು ನಗುತ್ತ ಹೇಳಿದ್ದಳು: "ನಾನು ಒಪ್ಪಿದ್ದು ಸ್ವರ ಕೇಳಿ. ಮುಖ ನೋಡಿದ್ರೆ ಇನ್ನು ಸ್ವಲ್ಪ ಯೋಚನೆ ಮಾಡ್ತಿದ್ದೆ." ಪತ್ರ ಬರೆಯುವುದು ಇಬ್ಬರಿಗೂ ಆಗದು, ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಊರಿಗೆ ಹೋಗಿಬರುವವರ ಕೈಯಲ್ಲಿ ಕಳಿಸಿಕೊಳ್ಳುತ್ತಾರೆ. ಕಳೆದ ಕ್ಯಾಸೆಟ್ಟಿನ ಕೊನೆಗೆ, ಎಲ್ಲ ಸುದ್ದಿ ಮುಗಿದು, ಇನ್ನೇನು ಬಂದ್ ಮಾಡಬೇಕು ಎನ್ನುವಲ್ಲಿ ಅವಳು ಹೇಳಿದ್ದಳು: "ಸೆಕೆ, ಸಂಬಳ, ಸಾಮಾನು ಎಲ್ಲ ಹೇಳ್ತೀರಿ. ಕೇಳಿದ್ರೆ ಯಾರೋ ಆಫೀಸಿನವ್ರು ಮಾತಾಡಿದ ಹಾಗೆ ಆಗ್ತದೆ. ನಿಮ್ಮ ಸ್ವರ ಎಲ್ಲಿ ಹೋಯ್ತು? ಒಂದು ಕೂಟದ ಕ್ಯಾಸೆಟ್ ಕಳಿಸಿ. ದೂತ ಆದ್ರೆ ಬೇಡ." ಅದನ್ನು ಅವನು ತಿರುಗಿಸಿ ತಿರುಗಿಸಿ ಕೇಳಿದ್ದ. 'ದೂತ ಆದ್ರೆ ಬೇಡ' ಎನ್ನುವಾಗ ಅವಳು ನಗುತ್ತಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ. ಜೆರಾಲ್ಡ್ ಮುಂದಿನ ವಾರ ರಜೆಯಲ್ಲಿ ಊರಿಗೆ ಹೋಗುತ್ತಾನೆ. ಇವತ್ತಿನ ಕೂಟವನ್ನು ಅವನೇ ರೆಕಾರ್ಡ್ ಮಾಡಿ ಒಯ್ದು ಅವಳ ಕೈಗೆ ಕೊಡುವುದೆಂದು ಮಾತಾಗಿದೆ. ಇವತ್ತು ಚೆನ್ನಾಗಿ ಮಾತಾಡಬೇಕು, ಅವಳಿಗಾಗಿ. ಇದೊಂದೇ ಆಗಿದ್ದರೆ ಇಷ್ಟು ಯೋಚನೆ ಇರುತ್ತಿರಲಿಲ್ಲ.

ಇನ್ನೊಂದಿತ್ತು. ಹೆಂಡತಿಯನ್ನು ಇಲ್ಲಿಗೆ ಕರೆಸುವ ವೀಸಾಕ್ಕೆ ಅರ್ಬಾಬ್ ಒಪ್ಪಬೇಕು. ಅಂಗಡಿಯ ಲೈಸೆನ್ಸ್ ಆ ಮುದುಕ ಅರಬನ ಹೆಸರಿನಲ್ಲಿದೆ, ಸಜ್ಜನ, ಕಿಟ್ಟಣ್ಣ ಒಂದು ಮಾತು ಹೇಳಿದರೆ ಇಲ್ಲ ಅನ್ನುವವನಲ್ಲ. ಆ ಒಂದು ಮಾತನ್ನು ಹರಿನಾಥ ವರ್ಷ ವರ್ಷ ಕೇಳುತ್ತಲೇ ಬಂದಿದ್ದಾನೆ. ಮುಂದಿನ ವರ್ಷ ನೋಡುವ, ರಂಜಾನ್ ಮುಗೀಲಿ, ಹೊಸ ಅಂಗಡಿ ಒಂದು ನೆಲೆ ನಿಲ್ಲಲಿ. ಕಿಟ್ಟಣ್ಣ ಕೆಟ್ಟವನಲ್ಲ, ಜ್ವರ ಬಂದರೆ ಗಂಜಿ ಕಳಿಸುವವನು. ಆದರೆ ಕೇಳುವವನು ಕೇಳುತ್ತಲೇ ಇರುವುದು ಕೆಲವರಿಗೆ ಹಿತವಾಗಿರುತ್ತದೆ. ನಿನ್ನೆ ಗುರುವಾರ ಸಂಜೆ ಶಟರ್ ಎಳೆಯುವಾಗ ಹರಿನಾಥ ಮತ್ತೆ ಬಾಯಿ ಬಿಟ್ಟ. ಕಿಟ್ಟಣ್ಣ ಬೀಗ ಹಾಕುತ್ತ, ತಿರುಗದೆ ಹೇಳಿದ: "ನಾಳೆಯ ಕೂಟ ಒಂದು ಮುಗೀಲಿ ಮಾರಾಯ. ಮತ್ತೆ ಮಾತಾಡುವ." ಅಷ್ಟೇ. ಕೂಟದ ಗಡಿಬಿಡಿಯಲ್ಲಿ ಯಾರು ಬೇಕಾದರೂ ಹೇಳಬಹುದಾದ ಮಾತು. ಹಾಗಾದರೆ ಬೀಗ ಹಾಕುವವನ ಬೆನ್ನು ಯಾಕೆ 'ನಾಳೆ ಗೆಲ್ಲಬೇಡ' ಎಂದ ಹಾಗಿತ್ತು? ಎಂಥದ್ದೂ ಇರಲಿಲ್ಲ, ನೀನೇ ಕಲ್ಪಿಸಿಕೊಂಡದ್ದು, ಎಂದು ಕಣ್ಣಿಗೆ ನಿದ್ದೆ ಹತ್ತುವವರೆಗೆ ತನಗೇ ಹೇಳಿಕೊಂಡ. ಗೆದ್ದರೆ ಅವಳು ಇವನ ಸ್ವರ ಕೇಳುತ್ತಾಳೆ, ಆದರೆ ಬಾರದೆ ಹೋಗಬಹುದು. ಸೋತರೆ ಬಂದಾಳು. ಯಾರ ಹತ್ತಿರ? ಇಷ್ಟನ್ನೂ ಅನ್ನ ಬೇಯುವುದರೊಳಗೆ ತೀರ್ಮಾನಿಸಲು ಆಗಲಿಲ್ಲ. ಜೆರಾಲ್ಡ್ ಮಾಡಿದ ಮೀನು ಸಾರು ಚೆನ್ನಾಗಿತ್ತು, ಹರಿನಾಥ ಸರಿಯಾಗಿ ತಿನ್ನಲಿಲ್ಲ.

ಗೋದಾಮಿನಲ್ಲಿ ಜನ ತುಂಬಿದ್ದರು. ಹೊರದೇಶದ ಪ್ರಸಂಗ ಎಂದು ಹೆಂಗಸರು ಮಕ್ಕಳೂ ಬಂದಿದ್ದರು. ಕಿಟ್ಟಣ್ಣ ಬಿಳಿ ಜುಬ್ಬ ಹಾಕಿ, ಬೆನ್ನಿಗೆ ಎಣ್ಣೆಯ ಪೆಟ್ಟಿಗೆಗಳ ಒರಗು ಕೊಟ್ಟು, ಅಧ್ಯಕ್ಷನಾಗಿ ಪೀಠಿಕೆ ಶುರುಮಾಡಿದ. ರಾಜ್ಯ ಎಂದರೇನು, ಕಾನೂನು ಎಂದರೇನು, ಕತ್ತಿಗೂ ಲೇಖನಿಗೂ ಏನು ಸಂಬಂಧ. ಒಂದರ ಬೆನ್ನಿಗೆ ಒಂದು ಮಾತು ಹೂ ಕಟ್ಟಿದ ಹಾಗೆ ಬಂತು. ಜನ ತಲೆದೂಗಿದರು. ಹರಿನಾಥನೂ ತಲೆದೂಗಿದ, ಅಭ್ಯಾಸ. ಪೆಟ್ಟಿಗೆಯೊಂದರ ಮೇಲೆ ಜೆರಾಲ್ಡನ ಟೇಪ್‌ರೆಕಾರ್ಡರ್ ಕೆಂಪು ಕಣ್ಣು ಬಿಟ್ಟು ಕೂತಿತ್ತು. ದಂಡನಾಯಕನ ಪ್ರವೇಶದ ಪದ್ಯವನ್ನು ಭಾಗವತರು ಏರು ಶ್ರುತಿಯಲ್ಲಿ ಹೇಳಿ ಬಿಟ್ಟುಕೊಟ್ಟಾಗ, ಇವನ ಬಾಯಲ್ಲಿ ಇನ್ನೇನು 'ಅಪ್ಪಣೆ ಮಹಾಪ್ರಭು' ಬರುವುದರಲ್ಲಿತ್ತು. ನುಂಗಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ:

"ಅಧ್ಯಕ್ಷರೇ, ಅರಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗು ಎಂದರು. ಬಿಡಲು ಚಪ್ಪಲಿ ಇರಲಿಲ್ಲ. ಹಾಗೇ ಬಂದೆ."

ಹಿಂದಿನ ಸಾಲಿನಿಂದ ಯಾರೋ "ಭಲೆ" ಎಂದರು. ಕಿಟ್ಟಣ್ಣ ನೆಟ್ಟಗೆ ಕೂತ. "ಬರಿಗಾಲಿನವನೇ, ಅರಮನೆಯ ರತ್ನಗಂಬಳಿ ಮೆತ್ತಗಿದೆಯೇ?"

"ಮೆತ್ತಗಿದೆ. ನೀವು ಏಳದೆ ಇರುವುದು ಯಾಕೆಂದು ಈಗ ತಿಳಿಯಿತು."

ಗೋದಾಮು ಒಮ್ಮೆ ಹೋ ಎಂದಿತು. ಮಕ್ಕಳಿಗೂ ಅರ್ಥವಾಗಿ ನಕ್ಕವು. ಹರಿನಾಥನ ಎದೆಯೊಳಗೆ ಎಲ್ಲೋ ಮುಚ್ಚಿಟ್ಟಿದ್ದ ಕೋಣೆಯ ಬಾಗಿಲು ತೆರೆಯಿತು. ಅದೇ ಚಾವಡಿ, ಅದೇ ಸ್ವರ, ಅಯ್ಯೋ, ಇದು ಇಲ್ಲೇ ಇತ್ತಲ್ಲ, ಎಲ್ಲೂ ಹೋಗಿರಲಿಲ್ಲವಲ್ಲ. ಅವನು ಮಾತಾಡಿದ. ಬಯಲಿನ ಬಗ್ಗೆ ಮಾತಾಡಿದ, ಹುಲ್ಲು ಒಣಗಿದಾಗ ಕುದುರೆಗಳು ನೆಲ ನೆಕ್ಕುವ ಬಗ್ಗೆ, ಗೆಲ್ಲುವವರೆಗೆ ಅಣ್ಣತಮ್ಮಂದಿರಾಗಿದ್ದವರು ಗೆದ್ದ ಮರುದಿನ ಧಣಿಗಳೂ ಕಾವಲುಗಾರರೂ ಆಗುವ ಬಗ್ಗೆ. ಭಾಗವತರು ತಾಳ ಹಿಡಿದ ಕೈಯನ್ನು ಮಡಿಲಲ್ಲಿಟ್ಟು ಕೇಳುತ್ತಿದ್ದರು. ಅವಳು ಕೇಳುತ್ತಾಳೆ, ಇದನ್ನು ಅವಳು ಕೇಳುತ್ತಾಳೆ, ಹೊಲಿಗೆ ಮೆಷಿನ್ನಿನ ಮೇಲೆ ಕೈ ಇಟ್ಟು, ಕಾಲು ನಿಲ್ಲಿಸಿ. ಆಗ ಅವನು ಎದುರಿನ ಮುಖವನ್ನು ನೋಡಿದ. ಅದು ಅಧ್ಯಕ್ಷನ ಮುಖವಾಗಿರಲಿಲ್ಲ. ಲೋಡು ಇಳಿಸುವುದು ತಡವಾದಾಗ, ಗಿರಾಕಿಗಳ ಎದುರಿಗೆ ಏನೂ ಹೇಳಲಾಗದಾಗ, ಕಿಟ್ಟಣ್ಣ ಇವನನ್ನು ನೋಡುತ್ತಿದ್ದ ಮುಖ. ತುಟಿಯಲ್ಲಿ ನಗು ಇತ್ತು. ಆ ನಗುವಿನಿಂದಲೇ ಕಿಟ್ಟಣ್ಣ ಮುಂದಕ್ಕೆ ಬಾಗಿ ಕೇಳಿದ:

"ಚೆಂದದ ಮಾತು, ದಂಡನಾಯಕ. ನೀನು ಯುದ್ಧ ಗೆದ್ದವನು, ಒಪ್ಪಿದೆ. ಗೆದ್ದದ್ದು ಬಯಲನ್ನು, ಈ ಪೀಠವನ್ನಲ್ಲ. ಇದನ್ನು ನಿನಗೆ ಬಿಟ್ಟುಕೊಡಬೇಕೆಂದು ಹೇಳಿ ಕಳಿಸಿದವರು ಯಾರು? ಯಾರ ಪರವಾಗಿ ಬಂದೆ? ಒಬ್ಬರ ಹೆಸರು ಹೇಳು, ಈಗಲೇ ಎದ್ದುಬಿಡುತ್ತೇನೆ."

ಉತ್ತರ ಇತ್ತು. ಹುಡುಕಬೇಕಾಗಿಯೂ ಇರಲಿಲ್ಲ, ಪೂರ್ತಿಯಾಗಿ, ಕೊನೆಯ ಶಬ್ದದವರೆಗೆ, ನಾಲಗೆಯ ತುದಿಗೆ ಬಂದು ನಿಂತಿತ್ತು. ಆದರೆ ಅದನ್ನು ಹೇಳಿದರೆ ದಂಡನಾಯಕ ಅಧ್ಯಕ್ಷನಿಗೆ ಹೇಳಿದ ಹಾಗಾಗುತ್ತಿರಲಿಲ್ಲ. ಹರಿನಾಥ ಕಿಟ್ಟಣ್ಣನಿಗೆ ಹೇಳಿದ ಹಾಗಾಗುತ್ತಿತ್ತು, ಊರಿನವರೆಲ್ಲರ ಎದುರು, ಅವನದೇ ಗೋದಾಮಿನಲ್ಲಿ. ನಾಳೆಯ ಕೂಟ ಒಂದು ಮುಗೀಲಿ ಮಾರಾಯ. ಫ್ಯಾನು ತಿರುಗುತ್ತಿತ್ತು. ಎಲ್ಲರೂ ಕಾಯುತ್ತಿದ್ದರು, ಕಿಟ್ಟಣ್ಣನೂ. ಈ ಮೌನ ಕೂಡ ಕ್ಯಾಸೆಟ್ಟಿನಲ್ಲಿ ತುಂಬುತ್ತಿದೆ ಎಂದು ಹರಿನಾಥನಿಗೆ ಗೊತ್ತಿತ್ತು. ಅವನು ಕೈಮುಗಿದ. "ಹೆಸರಿಲ್ಲ ಅಧ್ಯಕ್ಷರೇ. ಆವೇಶದಲ್ಲಿ ಬಂದೆ. ನನ್ನ ಕತ್ತಿ ನಿಮ್ಮ ಪಾದದಲ್ಲಿದೆ. ಗಡಿ ಕಾಯಲು ಅಪ್ಪಣೆಯಾಗಲಿ."

ಭಾಗವತರು ಕಕ್ಕಾಬಿಕ್ಕಿಯಾದರು. ದಂಡನಾಯಕ ಪೀಠವೇರಿದ, ನಗರವೆಲ್ಲ ದೀಪ ಹಚ್ಚಿತು ಎಂಬ ಪದ್ಯ ಅವರ ಕೈಯಲ್ಲಿತ್ತು. ಏರದವನನ್ನು ಪದ್ಯದಲ್ಲಿ ಏರಿಸುವುದು ಹೇಗೆ? ಇವನ ಮುಖ ನೋಡಿದರು, ಅವನ ಮುಖ ನೋಡಿದರು, ಕೊನೆಗೆ ತಾಳ ಕುಟ್ಟಿ ನೇರ ಮಂಗಳಪದ ಹೇಳಿ ಎದ್ದರು. ಪದ್ಧತಿ ತಪ್ಪಬಾರದೆಂದು ಹರಿನಾಥ ದಿಂಬಿನಿಂದ ಎದ್ದು ಹೋಗಿ ಜನರ ನಡುವೆ ಕೂತ. ಚಹಾ, ಗೋಳಿಬಜೆ ಬಂದಾಗ ದೊಡ್ಡ ನಗೆಯಾಯಿತು. "ಮಾಸ್ಟ್ರೇ, ನಾಳೆ ಮಕ್ಕಳಿಗೆ ಎಂಥ ಕಲಿಸ್ತೀರಿ? ಆ ದೇಶಕ್ಕೊಂದು ಟೆಲಿಗ್ರಾಂ ಕಳಿಸಿ, ನಿಮ್ಮ ಜನರಲ್ ವಾಪಸ್ ಹೋದ ಅಂತ." ಮಾಸ್ಟ್ರು ನಗಲಿಲ್ಲ. ಬಜೆಯ ಪ್ಲೇಟನ್ನು ಹಾಗೇ ಕೆಳಗಿಟ್ಟು, "ಗೆದ್ದಿದ್ದ, ಮಾರಾಯ್ರೆ. ಗೆದ್ದಾಗಿತ್ತು," ಎಂದು ಯಾರಿಗೂ ಅಲ್ಲದೆ ಹೇಳಿದರು. ಕಿಟ್ಟಣ್ಣ ಎಲ್ಲರನ್ನೂ ಬಿಟ್ಟು ಇವನ ಹತ್ತಿರ ಬಂದು ಹೆಗಲ ಮೇಲೆ ಕೈ ಹಾಕಿದ. ಕೈ ಬೆಚ್ಚಗಿತ್ತು, ಪ್ರೀತಿಯೂ ಇತ್ತು. "ನಾಳೆ ಅರ್ಬಾಬನ ಹತ್ರ ಮಾತಾಡ್ತೇನೆ," ಎಂದ. ಆಮೇಲೆ ಸ್ವಲ್ಪ ತಡೆದು, "ನೀನು ಬುದ್ಧಿವಂತ ಮಾರಾಯ." ಹರಿನಾಥ "ಆಯ್ತು ಅಣ್ಣ" ಎಂದ. ಬುದ್ಧಿವಂತ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ಕ್ಯಾಸೆಟ್ಟನ್ನು ಎಸೆದುಬಿಡಬಹುದಿತ್ತು. ಜೆರಾಲ್ಡ್ ಹೊರಡುವ ಹಿಂದಿನ ದಿನ, "ಅದು ಕೊಡು, ಸರಿ ಬರ್ಲಿಲ್ಲ," ಎಂದು ಕೇಳಿಯೂ ನೋಡಿದ. "ನಾನು ಕೇಳಿದೆ ಹರಿಯಣ್ಣ, ಭಾರಿ ಕ್ಲಿಯರ್ ಉಂಟು. ಪಂಕಜಾಕ್ಷಿ ಅತ್ತಿಗೆಗೆ ಫೋನ್ ಮಾಡಿ ಹೇಳಿ ಆಗಿದೆ," ಎಂದು ಜೆರಾಲ್ಡ್ ಸೂಟ್‌ಕೇಸಿನ ಮೇಲೆ ಕೂತು ಅದರ ಬಾಯಿ ಮುಚ್ಚಿದ. ಇನ್ನೊಮ್ಮೆ ಕೇಳಿದ್ದರೆ ಕೊಡುತ್ತಿದ್ದನೇನೋ. ಹರಿನಾಥ ಕೇಳಲಿಲ್ಲ. ಕೊನೆ ಹೇಗಾದರೂ ಇರಲಿ, ನಡುವಿನದನ್ನು ಅವಳು ಕೇಳಲಿ ಎಂಬ ಆಸೆ ಇತ್ತು. ಚಪ್ಪಲಿಯದ್ದು, ಗಂಬಳಿಯದ್ದು, ಕುದುರೆಗಳು ನೆಲ ನೆಕ್ಕಿದ್ದು. ಅಷ್ಟನ್ನು ಕೇಳಿ ಯಾರಾದರೂ ಬಂದು ಕರೆದರೆಂದು ಅವಳು ಟೇಪನ್ನು ಬಂದ್ ಮಾಡಿಬಿಡಲಿ, ಮುಂದಿನದು ಹಾಗೇ ಉಳಿದುಹೋಗಲಿ. ಇಂಥ ಮಕ್ಕಳಾಟದ ಪ್ರಾರ್ಥನೆ. ಟೇಪನ್ನು ನಡುವಿನಲ್ಲಿ ನಿಲ್ಲಿಸುವವಳಲ್ಲ ಅವಳು ಎಂದು ಅವನಿಗಲ್ಲದೆ ಇನ್ಯಾರಿಗೆ ಗೊತ್ತು.

ಕಿಟ್ಟಣ್ಣ ಮಾತಿಗೆ ತಪ್ಪಲಿಲ್ಲ. ಚಳಿಗಾಲ ಮುಗಿಯುವ ಮೊದಲು ಪಂಕಜಾಕ್ಷಿ ಬಂದಿಳಿದಳು. ಮುಹರಕಿನ ವಿಮಾನ ನಿಲ್ದಾಣದಲ್ಲಿ ಟ್ರಾಲಿ ತಳ್ಳಿಕೊಂಡು ಬಂದವಳನ್ನು ನೋಡಿ ಅವನಿಗೆ ಮೊದಲು ಹೊಳೆದದ್ದು, ಇವಳಿಗೂ ವಯಸ್ಸಾಯಿತಲ್ಲ ಎಂಬುದು. ಕಿವಿಯ ಹತ್ತಿರ ನರೆ. ತನಗಾದದ್ದು ಅವಳಿಗೆ ಕಂಡಿರಬೇಕು. ಜೆರಾಲ್ಡ್ ತನ್ನ ಹಾಸಿಗೆ ಸುತ್ತಿಕೊಂಡು ಎದುರಿನ ಕಟ್ಟಡಕ್ಕೆ ಹೋಗಿದ್ದ, ಹೋಗುವಾಗ ಅಡಿಗೆಮನೆ ತಿಕ್ಕಿ ತೊಳೆದು ಹೋಗಿದ್ದ. ಅವಳು ಉಪ್ಪಿನಕಾಯಿಯ ಡಬ್ಬ ಎಲ್ಲಿಡಬೇಕು ಎಂದು ಕೇಳಿದಳು. 'ಇಲ್ಲಿ ಇಡಬಹುದಾ' ಎಂದು ನೆಂಟರ ಮನೆಯಲ್ಲಿ ಕೇಳುವ ಹಾಗೆ ಕೇಳಿದಳು. ರಾತ್ರಿ ಅವಳು ಮಗ್ಗುಲಲ್ಲಿ ಮಲಗಿ ಉಸಿರಾಡುವುದನ್ನು ಕೇಳುತ್ತ, ಇಷ್ಟು ವರ್ಷ ಬೇಡಿದ್ದು ಇದನ್ನೇ ಎಂದು ತನಗೆ ತಾನೇ ಹೇಳಿಕೊಂಡ. ಬೇಡಿದ್ದು ಬಂದ ಮೇಲೂ ಬೇಕು ಎಂಬುದು ನಿಲ್ಲಲಿಲ್ಲ. ಕ್ಯಾಸೆಟ್ಟಿನ ಸುದ್ದಿಯನ್ನು ಅವಳು ಎತ್ತಲಿಲ್ಲ. ಅಣ್ಣನ ಮನೆಯ ಬಾವಿ, ಹೊಲಿಗೆಯ ಹುಡುಗಿಯರು, ಯಾರು ಸತ್ತರು, ಯಾರಿಗೆ ಮದುವೆ, ಎಲ್ಲ ಹೇಳಿದಳು. ಅದೊಂದನ್ನು ಬಿಟ್ಟು. ಅವನು ಪ್ರತಿ ಸಲ ಅವಳು ಬಾಯಿ ತೆರೆದಾಗಲೂ ಈಗ ಬಂತು ಎಂದು ಕಾದ. ಕಿಟ್ಟಣ್ಣ ಒಂದು ಬುಟ್ಟಿ ಹಣ್ಣು ಹಿಡಿದುಕೊಂಡು ನೋಡಲು ಬಂದಾಗ, "ನಿಮ್ಮಿಂದ ಉಪಕಾರ ಆಯ್ತಣ್ಣ," ಎಂದು ಅವಳು ನೆಟ್ಟಗೆ ನಿಂತೇ ಹೇಳಿದಳು. ಬಾಗಲಿಲ್ಲ.

ಶುಕ್ರವಾರ ಸಂಜೆ. ಕೆಳಗೆ ಬೀದಿಯಲ್ಲಿ ಗ್ಯಾಸಿನ ಲಾರಿ ಗಂಟೆ ಬಾರಿಸುತ್ತ ಹೋಯಿತು. ಹರಿನಾಥ ಪೇಪರು ಹಿಡಿದು ಕೂತಿದ್ದ, ಓದುತ್ತಿರಲಿಲ್ಲ. ಪಂಕಜಾಕ್ಷಿ ಒಲೆ ಆರಿಸಿ, ಕೈ ಒರೆಸಿಕೊಂಡು ಬಂದು, ಮಂಚದ ಮೇಲಿನ ಎರಡು ದಿಂಬುಗಳನ್ನು ತೆಗೆದು ನೆಲದ ಚಾಪೆಯ ಮೇಲೆ ಎದುರುಬದುರಾಗಿ ಇಟ್ಟಳು. ಒಂದರ ಮೇಲೆ ತಾನು ಕೂತಳು. ಸೆರಗು ಸರಿ ಮಾಡಿಕೊಂಡಳು.

"ಬನ್ನಿ."

"ಎಂಥದು?"

"ಬನ್ನಿ ಅಂದೆ. ಕ್ಯಾಸೆಟ್ಟಲ್ಲಿ ಒಂದು ಕಡೆ ಬರೀ ಫ್ಯಾನಿನ ಶಬ್ದ ಉಂಟು. ಅಷ್ಟೊತ್ತು ನೀವು ಸುಮ್ಮನೆ ಇದ್ರಿ. ಉತ್ತರ ಇಲ್ಲದವ ಹಾಗೆ ಸುಮ್ಮನೆ ಇರೂದಿಲ್ಲ. ಅಪ್ಪ ಮಾತು ತಪ್ಪಿದಾಗ ಹೇಗೆ ಇರ್ತಿದ್ರು ಅಂತ ನಂಗೆ ಗೊತ್ತುಂಟು. ಇದು ಹಾಗಲ್ಲ. ಆ ಫ್ಯಾನಿನ ಶಬ್ದದಲ್ಲಿ ಎಂಥ ಹೇಳ್ಲಿಕ್ಕೆ ಇತ್ತು?"

"ಅದು ಮುಗ್ದು ಹೋಯ್ತಲ್ಲ," ಎಂದ. ಅವನಿಗೆ ಅವಳ ಮುಖ ನೋಡಲು ನಾಚಿಕೆಯಾಯಿತು. "ನಿನ್ನನ್ನು ಕರೆಸ್ಬೇಕಿತ್ತು."

"ಗೊತ್ತುಂಟು. ಅದಕ್ಕೇ ಬಂದೆ. ಈಗ ಕೂತ್ಕೊಳ್ಳಿ."

ಅವನು ಕೂತ. ಮೊಣಕಾಲು ಟಕ್ ಎಂದಿತು. ಅವಳು ಬೆನ್ನು ನೆಟ್ಟಗೆ ಮಾಡಿ, ಕಿಟ್ಟಣ್ಣನ ಮಾತನ್ನು ಒಂದಕ್ಷರ ತಪ್ಪದೆ, ಆದರೆ ತನ್ನದೇ ಸ್ವರದಲ್ಲಿ ಹೇಳಿದಳು. ಎಷ್ಟು ಸಲ ಕೇಳಿರಬೇಕು ಆ ಕ್ಯಾಸೆಟ್ಟನ್ನು. "ಯಾರ ಪರವಾಗಿ ಬಂದೆ? ಒಬ್ಬರ ಹೆಸರು ಹೇಳು, ಈಗಲೇ ಎದ್ದುಬಿಡುತ್ತೇನೆ."

ಅವನು ಬಾಯಿ ತೆರೆದ. ಬಂದದ್ದು ಗೋದಾಮಿನ ಸ್ವರ, ಲೋಡು ಬಂದಿದೆ ಅಣ್ಣ ಎನ್ನುವ ಸ್ವರ. ಅವಳು ತಲೆಯಾಡಿಸಿದಳು. "ಇದಲ್ಲ." ಇನ್ನೊಮ್ಮೆ ಶುರುಮಾಡಿದ. "ಇದೂ ಅಲ್ಲ. ಅವಸರ ಎಂಥದು? ನಾನೆಲ್ಲಿಗೂ ಹೋಗೂದಿಲ್ಲ." ಅವನು ಕಣ್ಣು ಮುಚ್ಚಿದ. ಆಮೇಲೆ ಅದು ಬಂತು, ಕೆಳಗಿನಿಂದ, ತಾನಾಗಿ.

"ಹೆಸರು ಕೇಳಿದಿರಿ ಅಧ್ಯಕ್ಷರೇ. ನನ್ನ ಸವಾರರ ಹೆಸರು ಹೇಳುವುದಿಲ್ಲ. ಗೆದ್ದ ಊರುಗಳ ಹೆಸರು ಹೇಳುವುದಿಲ್ಲ. ಬಯಲಿನ ಆಚೆ ಒಂದು ಮನೆಯಿದೆ. ನಾನು ಕುದುರೆ ಹತ್ತಿದ ದಿನ ಅಲ್ಲಿ ಒಬ್ಬಳು ಬಾಗಿಲಿಗೆ ಬಂದು ನಿಂತಳು. ಇವತ್ತಿಗೂ ನಿಂತೇ ಇದ್ದಾಳೆ. ನೀವು ಒಂದು ಮಾತು ಹೇಳಿದ್ದರೆ ಅವಳು ಕೂರುತ್ತಿದ್ದಳು. ನೀವು ಮುಂದಿನ ವರ್ಷ ಎಂದಿರಿ. ಹಬ್ಬ ಮುಗಿಯಲಿ ಎಂದಿರಿ. ನನಗೆ ಈ ಪೀಠ ಬೇಡ. ಇಲ್ಲಿ ಕೂತವನು ಆಡದೆ ಬಿಟ್ಟ ಒಂದು ಮಾತಿನಿಂದ ಒಬ್ಬಳ ಪ್ರಾಯವೆಲ್ಲ ಬಾಗಿಲಲ್ಲಿ ನಿಂತು ಕಳೆಯಿತು. ಅದು ಎಂಥ ಪೀಠ ಎಂದು ನೋಡಿಹೋಗಲು ಬಂದೆ. ಬರಿಗಾಲಿನಲ್ಲಿ ಬಂದೆ. ಯಾರ ಪರವಾಗಿ ಎಂದಿರಲ್ಲ. ಪಂಕಜಾಕ್ಷಿ."

ಮದುವೆಯಾದಾಗಿನಿಂದ ಅವನು ಅವಳನ್ನು ಹೆಸರು ಹಿಡಿದು ಕರೆದವನಲ್ಲ. 'ಇವಳೇ' ಎಂದೋ 'ಕೇಳಿತಾ' ಎಂದೋ ನಡೆದುಹೋಗಿತ್ತು. ಹೆಸರು ಕೋಣೆಯಲ್ಲಿ ಹಾಗೇ ನಿಂತಿತು. ಅವನು ಕಣ್ಣು ತೆರೆದ. ಅವಳ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಂಡಿರಲಿಲ್ಲ. ಬೆನ್ನು ಇನ್ನೂ ನೆಟ್ಟಗೇ ಇತ್ತು.

ಅವನು ನಕ್ಕ. "ಹೆಸರು ಹೇಳಿ ಆಯ್ತು. ಈಗ ನೀನು ಏಳ್ಬೇಕು. ನಮ್ಮಲ್ಲಿ ಹಾಗೆ ಪದ್ಧತಿ."

"ಏಳೂದಿಲ್ಲ," ಎಂದಳು ಅವಳು. "ಎದ್ರೆ ಪ್ರಸಂಗ ಮುಗೀತದೆ. ಇನ್ನು ಸ್ವಲ್ಪ ಹೇಳಿ."

ಮುಂದಿನ ಪದ್ಯ ಎತ್ತಲು ಭಾಗವತರು ಇರಲಿಲ್ಲ. ಅವನು ದಿಂಬನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಶುರುಮಾಡಿದ.